ಮೊದಲು ಮಣ್ಣು ಮುಚ್ಚಿ, ಆಮೇಲೆ ನೆಲಕ್ಕೆ ಹೊದಿಕೆ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಚಳಿಗಾಲದಲ್ಲಿ ಹೊರಟರೆ ಸ್ವೆಟರ್, ಮಾತ್ರೆ, ಉಪ್ಪಿನಕಾಯಿ ಅಂತ ಎಲ್ಲರೂ ಪಟ್ಟಿ ಕೊಡುತ್ತಾರೆ. ಕಾಲಡಿಯ ನೆಲದ ಬಗ್ಗೆ ಯಾರೂ ಹೇಳುವುದಿಲ್ಲ. ನಿಮ್ಮ ಪತ್ರಿಕೆಯನ್ನು ಅಲ್ಲಿನ ಮಕ್ಕಳೂ ಮೊಬೈಲಿನಲ್ಲಿ ಓದುತ್ತಾರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೈಸೂರಿನವನು, ಕಟ್ಟಡದ ಕೆಲಸದಲ್ಲೇ ತಲೆ ನರೆತವನು. ಕಳೆದ ಚಳಿಗಾಲ ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ ಮಗನ ಮನೆಯಲ್ಲಿದ್ದೆ. ಹೀಟರ್ 22 ಡಿಗ್ರಿ ತೋರಿಸುತ್ತಿದ್ದರೂ ಬರಿಗಾಲಲ್ಲಿ ದೇವರ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಅಲ್ಲಿನದು ಮರದ ನೆಲ. ಅದರ ಕೆಳಗೆ ಸುಮಾರು 3 ಅಡಿಯ ಖಾಲಿ ಜಾಗ, ತೆವಳಿಕೊಂಡೇ ಹೋಗಬೇಕು, ಕ್ರಾಲ್ ಸ್ಪೇಸ್ ಅಂತ ಹೆಸರು. ಸುತ್ತಲಿನ ಕಿಂಡಿಗಳಿಂದ ಹೊರಗಿನ ಗಾಳಿ ಅಲ್ಲಿ ಓಡಾಡುತ್ತಿರುತ್ತದೆ.

ಬಂದ ಕಂಟ್ರಾಕ್ಟರ್ ಬಾಗಿಲಿನಿಂದಲೇ ಟಾರ್ಚ್ ಬಿಟ್ಟು ನೋಡಿ, ಚಳಿ ತಡೆಯಲು ನೆಲದಡಿ ತುಂಬಿದ್ದ, ಗಾಜಿನ ನಾರಿನ ಹಳೇ ಫೈಬರ್‌ಗ್ಲಾಸ್ ಕಿತ್ತು ಹೊಸದು ತುಂಬಿದರೆ ಆಯ್ತು ಅಂದ. ನನಗೆ ಸಮಾಧಾನವಾಗಲಿಲ್ಲ. ಈ ವಯಸ್ಸಲ್ಲಿ ಬೇಕಿತ್ತಾ ಅಂತ ಹೆಂಡತಿ ಬೈಯುತ್ತಿದ್ದರೂ ಮಾಸ್ಕ್ ಹಾಕಿಕೊಂಡು ಮಗನ ಹಿಂದೆ ತೆವಳಿದೆ. ಜಂತೆಗಳ ನಡುವೆ ಇರಬೇಕಾದ ಫೈಬರ್‌ಗ್ಲಾಸ್ ಹರಿದ ಹಾಸಿಗೆಯ ಹತ್ತಿಯ ಹಾಗೆ ಜೋತು ಬಿದ್ದಿತ್ತು, ಒದ್ದೆ ಬೇರೆ. ಕೆಳಗೆ ಬರೀ ಮಣ್ಣು. ಬಟ್ಟೆ ಒಣಗಿಸುವ ಮೆಷಿನ್ನಿನ ಪೈಪು ಕಳಚಿಕೊಂಡು ಅದರ ಹಬೆಯೆಲ್ಲ ಅಲ್ಲೇ! ಹೊಸದು ಹಾಕಿದ್ದರೆ ಎರಡು ವರ್ಷದಲ್ಲಿ ಅದೂ ಇದೇ ಗತಿ, ಅಲ್ವಾ?

ಅಲ್ಲಿನ ಬೇಸಿಗೆಯೆಂದರೆ ಮಂಗಳೂರಿನ ಸೆಖೆಯೇ. ಕಿಂಡಿಯಿಂದ ನುಗ್ಗಿದ ತೇವದ ಗಾಳಿ, ಎ.ಸಿ.ಯಿಂದ ತಣ್ಣಗಾದ ಡಕ್ಟಿಗೂ (ಗಾಳಿ ಸಾಗಿಸುವ ಕೊಳವೆ) ನೆಲದಡಿಗೂ ತಾಗಿ ನೀರಾಗುತ್ತದೆ. ಚಳಿಗಾಲದಲ್ಲಿ ಇನ್ನೊಂದು ಆಟ. ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೋಗುತ್ತದೆ, ಆ ಜಾಗಕ್ಕೆ ಕೆಳಗಿನ ತಣ್ಣನೆ ಗಾಳಿಯನ್ನು ಮನೆ ಹೀರಿಕೊಳ್ಳುತ್ತದೆ.

ಹಾಗಾಗಿ ಮೊದಲು ಮೆಷಿನ್ನಿನ ಪೈಪು ಸರಿಮಾಡಿಸಿದೆವು. ಮಣ್ಣಿನ ಮೇಲೆ 6 ಮಿಲ್ (ಸುಮಾರು 0.15 ಮಿ.ಮೀ.) ದಪ್ಪದ ಪ್ಲಾಸ್ಟಿಕ್ ಶೀಟ್ ಹಾಸಿ, ಅಂಚಿನಲ್ಲಿ ಒಂದರ ಮೇಲೊಂದು ಬರುವಂತೆ ಟೇಪ್ ಹಚ್ಚಿದೆವು. ನಲ್ಲಿ ಪೈಪು, ವೈರು ಹೋದ ತೂತುಗಳನ್ನು ಫೋಮ್‌ನಿಂದ ಮುಚ್ಚಿದೆವು. ಮರ ಒಣಗಿದ ಮೇಲೇ ಆರ್-19 (ಶಾಖ ತಡೆಯುವ ಶಕ್ತಿಯ ಅಳತೆ) ಫೈಬರ್‌ಗ್ಲಾಸ್. ಅದರ ಒಂದು ಬದಿಗಿರುವ ಕಾಗದದ ಮುಖ ಮೇಲಕ್ಕೆ, ಮನೆಯ ಬಿಸಿ ಇರುವ ಕಡೆಗೆ ಬರಬೇಕು, ಮತ್ತೆ ಹಲಗೆಗೆ ಅಂಟಿದಂತೆ ಕೂರಬೇಕು. ನಡುವೆ ಗಾಳಿ ಓಡಾಡಿದರೆ ಸುಮ್ನೆ ದುಡ್ಡು ದಂಡ. ನಾವು ಮರೆತದ್ದು ಒಂದು: ನೆಲಕ್ಕೆ ಹೊದಿಸಿದ ಮೇಲೆ ಕೆಳಗಿನ ಜಾಗ ಇನ್ನೂ ತಣ್ಣಗಾಗುತ್ತದೆ, ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಬಹುದು. ಪಕ್ಕದ ಮನೆಯವರು ನೆನಪಿಸಿದ್ದಕ್ಕೆ ಅವಕ್ಕೂ ಫೋಮ್ ಸುತ್ತಿದೆವು.

ಕಿಂಡಿಗಳನ್ನೇ ಪೂರ್ತಿ ಮುಚ್ಚಿ ಒಳಗೆ ತೇವ ಹೀರುವ ಯಂತ್ರ ಇಡುವ ಪದ್ಧತಿಯೂ ಅಲ್ಲಿದೆ, ಒಳ್ಳೆಯದೇ, ಖರ್ಚು ಜಾಸ್ತಿ. ಆದರೆ ಕೆಳಗೆ ಗ್ಯಾಸ್ ಫರ್ನೇಸ್ (ಗ್ಯಾಸ್ ಉರಿಸಿ ಮನೆ ಬಿಸಿಮಾಡುವ ಯಂತ್ರ) ಇದ್ದರೆ ತಿಳಿದವರನ್ನು ಕೇಳದೆ ಮುಚ್ಚಬೇಡಿ.

ಮನೆ ಕೊಳ್ಳುವಾಗ ಮಕ್ಕಳು ಅಡುಗೆಮನೆ, ಹಾಲ್ ಅಂತ ಇಪ್ಪತ್ತು ಫೋಟೊ ವಾಟ್ಸಾಪ್ ಮಾಡುತ್ತಾರೆ. ನೆಲದಡಿಯದೂ ಒಂದು ಕಳಿಸು ಅಂತ ಹೇಳಿ.

ಒಬ್ಬ ನಿವೃತ್ತ ಎಂಜಿನಿಯರ್, ಮೈಸೂರು