ಮುರುಗಲು ಹೆಸರಿನಲ್ಲಿ ನೀವು ಕೊಟ್ಟಿದ್ದು ಮುರುಗಲು ಬಿಯರ್ ಅಲ್ಲ

ಇವರಿಗೆ,
ಮಾಲೀಕರು ಮತ್ತು ಜನರಲ್ ಮ್ಯಾನೇಜರ್ ಅವರು,
ಬೆಂಗಳೂರು

ವಿಷಯ: ಪೀಪಾಯಿಯಲ್ಲಿ 18 ತಿಂಗಳು ಇಟ್ಟ ಮುರುಗಲು (ಕೋಕಂ, ಪುನರ್ಪುಳಿ) ಹಣ್ಣಿನ ಸೌರ್, ಅಂದರೆ ಹುಳಿ ಬಿಯರ್ ಎಂದು ಹಣ ಪಡೆದು ಬೇರೆ ಬಿಯರ್ ಕೊಟ್ಟಿದ್ದು ಮತ್ತು ನಮ್ಮ ಮನೆಯ ಹಿರಿಯರಿಗೆ ಅವಮಾನ ಮಾಡಿದ್ದು.

ಮಾನ್ಯರೇ,

ಈ ವಿಷಯವಾಗಿ ನಾಲ್ಕು ಸಲ ಫೋನ್ ಮಾಡಿದ್ದೇನೆ. ಎರಡು ಮೇಲ್ ಹಾಕಿದ್ದೇನೆ. ಪ್ರತಿ ಸಲವೂ ಸಮಾಧಾನವಾಗಿಯೇ ಮಾತಾಡಿದ್ದೇನೆ. ನಿನ್ನೆ ನಿಮ್ಮಿಂದ ಕೊನೆಗೂ ಉತ್ತರ ಬಂತು. 15% ರಿಯಾಯಿತಿ ಕೂಪನ್, ಸೋಮವಾರದಿಂದ ಗುರುವಾರದ ತನಕ ಮಾತ್ರ ನಡೆಯುತ್ತದಂತೆ. ಅದನ್ನು ಓದಿದ ಮೇಲೆ ಇನ್ನು ಫೋನಿನಲ್ಲಿ ಮಾತಾಡಿ ಪ್ರಯೋಜನವಿಲ್ಲ ಅನ್ನಿಸಿತು. ಆದ್ದರಿಂದ ಈ ಪತ್ರ.

ನಾನು ನಿಮ್ಮ ಬ್ರೂಪಬ್‌ಗೆ ಮೂರು ವರ್ಷದಿಂದ ಬರುತ್ತಿರುವ ಗಿರಾಕಿ. ಕೆಲಸದ ಮೇಲೆ ಬ್ರಸೆಲ್ಸ್‌ಗೆ ಹೋಗಿದ್ದಾಗ ಅಲ್ಲಿಯ ಲ್ಯಾಂಬಿಕ್ ಎಂಬ ಹಳೇ ಬಗೆಯ ಬಿಯರ್ ಕುಡಿದು ಹುಳಿ ಬಿಯರಿನ ರುಚಿ ಹತ್ತಿಸಿಕೊಂಡವನು. ಅಲ್ಲಿ ಗಾಳಿಯಲ್ಲಿರುವ ಯೀಸ್ಟ್ ತಾನಾಗಿಯೇ ಬಂದು ಸೇರುತ್ತದೆ. ಬಿಯರ್ ಮರದ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ಕೂರುತ್ತದೆ. ಚೆರ್ರಿ ಹಾಕಿದರೆ ಅದು ಮತ್ತಷ್ಟು ತಿಂಗಳು ನೆನೆಯುತ್ತದೆ. ಯಾರೂ ಅವಸರ ಮಾಡುವುದಿಲ್ಲ. ನಮ್ಮ ಹಣ್ಣಿನಲ್ಲೂ ಹೀಗೆ ಯಾರಾದರೂ ಮಾಡಬಾರದಾ ಎಂದು ಆಗಲೇ ಅನ್ನಿಸಿತ್ತು. ಮಳೆಗಾಲದಲ್ಲಿ ನಿಮ್ಮಲ್ಲಿ ಬಿಯರ್ ತಯಾರಿಸುವ ಬ್ರೂವರ್ ಹುಡುಗ ನನ್ನನ್ನು ಒಳಗೆ ಕರೆದು, ಪೀಪಾಯಿಯಿಂದ ಎರಡು ಗುಟುಕು ಸುರಿದು ಕೊಟ್ಟ. ಕಡು ಕೆಂಪು ಬಣ್ಣ. ಮೊದಲು ಹುಳಿ, ಹಿಂದೆಯೇ ನಾಲಿಗೆಯ ಅಂಚಿನಲ್ಲಿ ಒಗರು, ಕೊನೆಗೆ ಒಣ ಮರದ ವಾಸನೆ. ಸಿಹಿ ಒಂದು ಚೂರೂ ಇರಲಿಲ್ಲ. ಬಿಯರ್ ಒಂದು ವರ್ಷದಿಂದ ಪೀಪಾಯಿಯಲ್ಲಿದೆ, ಮೇ ತಿಂಗಳಲ್ಲಿ ಸಿದ್ದಾಪುರದ ಕಡೆಯಿಂದ ಹಣ್ಣು ತರಿಸಿ ಹಾಕಿದೆವು ಎಂದ. ನನಗೆ ಕಣ್ಣು ತುಂಬಿ ಬಂತು. ನಮ್ಮ ಅಕ್ಕನನ್ನು ಕೊಟ್ಟಿರುವುದು ಸಿದ್ದಾಪುರ ತಾಲೂಕಿಗೇ.

ಹಾಗಾಗಿ ನೀವು ಆ ಬಿಯರಿನ ಜಾಹೀರಾತು ಹಾಕಿದ ದಿನವೇ ಮೂರು ಟಿಕೆಟ್ ತೆಗೆದುಕೊಂಡೆ. ಒಂದಕ್ಕೆ 1,800 ರೂಪಾಯಿ, ಒಟ್ಟು 5,400. ಒಂದು ಟಿಕೆಟ್‌ಗೆ 150 ಎಂಎಲ್‌ನ ಎರಡು ಗ್ಲಾಸ್. "ಒಂದೇ ಪೀಪಾಯಿ, 225 ಲೀಟರ್, 120 ಜನರಿಗೆ ಮಾತ್ರ" ಎಂದು ನೀವೇ ಬರೆದಿದ್ದಿರಿ. ಟಿಕೆಟ್ ನನಗೆ, ನನ್ನ ಹೆಂಡತಿಗೆ, ನಮ್ಮ ಭಾವನಿಗೆ. ಅಕ್ಕನ ಕಣ್ಣಿನ ಆಪರೇಷನ್ ಮಾಡಿಸಲು ಅವರು ಬೆಂಗಳೂರಿಗೆ ಬಂದಿದ್ದರು.

ಭಾವನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರ ಅಡಿಕೆ ತೋಟದ ಅಂಚಿನಲ್ಲಿ, ಬೆಟ್ಟದಲ್ಲಿ ಹತ್ತಿಪ್ಪತ್ತು ಮುರುಗಲು ಮರ ಇವೆ. ಏಪ್ರಿಲ್, ಮೇ ಬಂದರೆ ಮನೆಮಂದಿಗೆಲ್ಲ ಅದೇ ಕೆಲಸ. ಮಳೆ ಹಿಡಿಯುವುದರೊಳಗೆ ಹಣ್ಣು ಕೊಯ್ದು, ಒಡೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸಬೇಕು. ಬೀಜದಿಂದ ತುಪ್ಪ ತೆಗೆಯುತ್ತಾರೆ, ಚಳಿಗಾಲದಲ್ಲಿ ಹಿಮ್ಮಡಿ ಒಡೆದರೆ ನಾವೆಲ್ಲ ಹಚ್ಚುವುದು ಅದನ್ನೇ. ಒಂದು ದೊಡ್ಡ ಮಳೆ ಮೊದಲೇ ಬಂದರೆ ಅರ್ಧಕ್ಕರ್ಧ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ನಮ್ಮ ಮುರುಗಲಿಗೆ ಬೆಂಗಳೂರಿನಲ್ಲಿ ಇಷ್ಟು ಬೆಲೆಯಾ ಎಂದು ಅವರು ಟಿಕೆಟ್ ನೋಡಿ ಮಗುವಿನ ಹಾಗೆ ಖುಷಿಪಟ್ಟರು. ಬಿಯರ್ ಮಾಡಿದ ಹುಡುಗನಿಗೆ ಕೊಡಲು ತಮ್ಮ ಮನೆಯ ಒಣ ಸಿಪ್ಪೆ ಅರ್ಧ ಕಿಲೋ ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ತಂದಿದ್ದರು.

ನಮ್ಮ ಸಮಯ ಏಳೂವರೆ. ನಾವು ಏಳೂ ಇಪ್ಪತ್ತಕ್ಕೇ ಬಂದೆವು. ಬಾಗಿಲಲ್ಲೇ ಗಂಟು ಬಿಚ್ಚಿಸಿದರು. "ಹೊರಗಿನ ತಿಂಡಿ ಬಿಡಲ್ಲ" ಅಂದರು. ತಿಂಡಿ ಅಲ್ಲ, ನಿಮ್ಮ ಬ್ರೂವರ್‌ಗೆ ಉಡುಗೊರೆ ಎಂದೆ. ಕೇಳಲಿಲ್ಲ. ಗಂಟನ್ನು ಸೆಕ್ಯುರಿಟಿ ಮೇಜಿನ ಕೆಳಗೆ ಇಟ್ಟುಕೊಂಡರು. ಟೋಕನ್ ಕೊಡಲಿಲ್ಲ.

ಗ್ಲಾಸ್ ಬಂತು. ನೋಡಿದ ತಕ್ಷಣ ನನಗೆ ಅನುಮಾನ ಬಂತು. ಕುಂಕುಮ ಕದಡಿದ ನೀರಿನ ಹಾಗೆ ತಿಳಿಗೆಂಪು. ಕುಡಿದರೆ ಸಿಹಿ. ಮರವೂ ಇಲ್ಲ, ಒಗರೂ ಇಲ್ಲ. ಮಳೆಗಾಲದಲ್ಲಿ ನಾನು ಕುಡಿದದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಕೆಟಲ್ ಸೌರ್ ಅಂತ ಒಂದು ಬಗೆ ಇದೆ, ನಿಮಗೆ ಗೊತ್ತೇ ಇದೆ. ಲ್ಯಾಕ್ಟೋಬ್ಯಾಸಿಲಸ್ ಎಂಬ ಹುಳಿ ಬರಿಸುವ ಬ್ಯಾಕ್ಟೀರಿಯಾ ಹಾಕಿ ಬೆಚ್ಚಗೆ ಇಟ್ಟರೆ ಒಂದೆರಡು ದಿನಕ್ಕೆ ಹುಳಿ ಬರುತ್ತದೆ. ಅದು ತಪ್ಪಲ್ಲ. ನಾನೂ ಬೇಸಿಗೆಯಲ್ಲಿ ನಿಮ್ಮಲ್ಲೇ ಎಷ್ಟೋ ಸಲ ಕುಡಿದಿದ್ದೇನೆ. ಆದರೆ ಅದಕ್ಕೆ ಸಿರಪ್ ಸುರಿದು ಪೀಪಾಯಿ ಬಿಯರಿನ ಬೆಲೆ ತೆಗೆದುಕೊಳ್ಳುವುದು ತಪ್ಪು.

ಭಾವ ಒಂದು ಗುಟುಕು ಕುಡಿದು ಸುಮ್ಮನೆ ಗ್ಲಾಸ್ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ತಮಾ, ಇದರಲ್ಲಿ ಮುರುಗಲು ಇಲ್ಲ" ಎಂದರು.

ನಿಮ್ಮ ಫ್ಲೋರ್ ಮ್ಯಾನೇಜರ್‌ನನ್ನು ಕರೆದೆ. ಅಲ್ಲಿ ನಡೆದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. ಆವತ್ತು ರಾತ್ರಿಯೇ ಬರೆದಿಟ್ಟಿದ್ದೇನೆ.

"ಸರ್, ಇದು ಸೌರ್ ಬಿಯರ್. ಹುಳಿ ಇರುತ್ತೆ. ಫಸ್ಟ್ ಟೈಮಾ?" ಎಂದರು.

"ಹುಳಿ ಇದೆ ಅಂತ ಹೇಳ್ತಿಲ್ಲ, ಸಿಹಿ ಇದೆ ಅಂತ ಹೇಳ್ತಿದ್ದೇನೆ" ಎಂದೆ.

"ಎಲ್ಲರೂ ಎಂಜಾಯ್ ಮಾಡ್ತಿದ್ದಾರೆ ಸರ್. ನಿಮಗೊಬ್ಬರಿಗೇ ಪ್ರಾಬ್ಲಂ."

"ಮುರುಗಲು ಬೆಳೆಯುವವರೇ ಇಲ್ಲಿ ಕೂತಿದ್ದಾರೆ. ಇದರಲ್ಲಿ ಮುರುಗಲು ಇಲ್ಲ ಅಂತಿದ್ದಾರೆ. ಪೀಪಾಯಿ ತೋರಿಸಿ" ಎಂದೆ.

ಅವರು ಭಾವನನ್ನು ಮೇಲಿಂದ ಕೆಳಗೆ ನೋಡಿದರು. ಪಂಚೆ, ಹೆಗಲ ಮೇಲೆ ಟವೆಲ್. ನನಗೆ ಹೇಳಿದರು, ಭಾವನಿಗಲ್ಲ: "ಊರಿನವರಿಗೆ ಇದು ಸ್ವಲ್ಪ ಕಷ್ಟ ಆಗುತ್ತೆ ಸರ್. ಅವರಿಗೆ ಲಾಗರ್ ತರಿಸ್ಲಾ?"

ಪಕ್ಕದ ಮೇಜಿನಲ್ಲಿದ್ದವರು ನಕ್ಕರು. ಭಾವ ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಕವಳದ (ಎಲೆ ಅಡಿಕೆಯ) ಸಂಚಿ ತೆಗೆದು, ಅದರಿಂದ ಸುಣ್ಣದ ಡಬ್ಬಿ ತೆಗೆದರು. ಚಮಚಕ್ಕೆ ಸ್ವಲ್ಪ ಬಿಯರ್ ಹಾಕಿಕೊಂಡು, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಅದರಲ್ಲಿ ಕಲಸಿದರು. ಮುರುಗಲು ರಸಕ್ಕೆ ಸುಣ್ಣ ಬಿದ್ದರೆ ಕೆಂಪು ನಿಲ್ಲುವುದಿಲ್ಲ, ನೀಲಿ ಹಸಿರು ಕಡೆಗೆ ತಿರುಗಿ ಮಂಕಾಗುತ್ತದೆ. ನಮ್ಮ ಕಡೆ ಮಕ್ಕಳಿಗೂ ಗೊತ್ತು, ಆಟಕ್ಕೆ ಮಾಡುತ್ತಾರೆ. ಚಮಚದಲ್ಲಿದ್ದದ್ದು ಕೆಂಪಗೆ ಹಾಗೇ ಕೂತಿತ್ತು. ಭಾವ ಆ ಚಮಚವನ್ನು ಮ್ಯಾನೇಜರ್ ಕಡೆಗೆ ಹಿಡಿದರು.

ಇದು ಲ್ಯಾಬ್ ಪರೀಕ್ಷೆ ಅಲ್ಲ, ನನಗೂ ಗೊತ್ತು. ಆದರೆ ಒಬ್ಬ ಹಿರಿಯರು ಮರ್ಯಾದೆಯಿಂದ ಒಂದು ವಿಷಯ ತೋರಿಸಿದರೆ, ಕಣ್ಣೆತ್ತಿ ನೋಡಬೇಕು ಅಲ್ವಾ? ನಿಮ್ಮವರು ನೋಡಿದ್ದು ಚಮಚವನ್ನಲ್ಲ, ಸಂಚಿಯನ್ನು. "ಸರ್, ಇಲ್ಲಿ ತಂಬಾಕು ಹಾಕೋ ಹಾಗಿಲ್ಲ. ಇವರನ್ನ ಹೊರಗೆ ಕರ್ಕೊಂಡು ಹೋಗಿ, ಬೇರೆ ಗೆಸ್ಟ್‌ಗಳಿಗೆ ತೊಂದರೆ ಆಗುತ್ತೆ" ಎಂದರು. ನಮ್ಮ ಭಾವ ಜನ್ಮದಲ್ಲಿ ತಂಬಾಕು ಮುಟ್ಟಿದವರಲ್ಲ. ಅಷ್ಟರಲ್ಲಿ ಸೆಕ್ಯುರಿಟಿಯವನು ಬಂದು ಅವರ ಕುರ್ಚಿಯ ಹಿಂದೆ ನಿಂತ. ಭಾವ ಡಬ್ಬಿಯ ಮುಚ್ಚಳ ಹಾಕಿದರು. ಚಮಚವನ್ನು ಟಿಶ್ಯೂನಿಂದ ಒರೆಸಿ ತಟ್ಟೆಯ ಪಕ್ಕ ಇಟ್ಟರು. "ನಡಿ ತಮಾ, ಹೋಗೋಣ" ಎಂದರು. ಆ ಚಮಚ ಒರೆಸಿದ್ದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ತಪ್ಪು ನಿಮ್ಮದು, ಒರೆಸಿಟ್ಟು ಎದ್ದವರು ಅವರು.

ಬಿಲ್ ಕೊಟ್ಟು ಬಂದೆ. ತಿಂಡಿಯ 2,150 ರೂಪಾಯಿಗೆ 10% ಸರ್ವಿಸ್ ಚಾರ್ಜ್, 215 ರೂಪಾಯಿ, ಕೇಳದೆಯೇ ಸೇರಿಸಿದ್ದಿರಿ. ಹಾಗೆ ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ಬಾಗಿಲಲ್ಲಿ ಗಂಟು ಕೇಳಿದೆ. ಮೇಜಿನ ಕೆಳಗೆ ಇರಲಿಲ್ಲ. ಕ್ಲೀನಿಂಗ್‌ನವರು ತೆಗೆದಿರಬಹುದು ಅಂದರು. ದಾರಿಯುದ್ದಕ್ಕೂ ಭಾವ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ ಅಕ್ಕನ ಹತ್ತಿರ "ಚೆನ್ನಾಗಿತ್ತು" ಎಂದರು.

ಈಗ ನಿಮ್ಮದೇ ನಿಯಮಕ್ಕೆ ಬರುತ್ತೇನೆ. ಟಿಕೆಟ್‌ನ ಹಿಂದೆ ನಾಲ್ಕನೇ ಸಾಲಿನಲ್ಲಿ ನೀವೇ ಬರೆದಿದ್ದೀರಿ, ಬಿಯರ್ ಮುಗಿದರೆ ಏಳು ದಿನದೊಳಗೆ ಪೂರ್ತಿ ಹಣ ವಾಪಸ್. ನನ್ನ ಎರಡನೇ ಫೋನಿನಲ್ಲಿ ನಿಮ್ಮ ಕಸ್ಟಮರ್ ಕೇರ್‌ನವರು ಏನು ಹೇಳಿದರು ಗೊತ್ತಾ? "ಪೀಪಾಯಿದು ಏಳು ಗಂಟೆಗೇ ಖಾಲಿಯಾಗಿತ್ತು ಸರ್, ನಿಮಗೆ ಅದರದೇ ಇನ್ನೊಂದು ವರ್ಷನ್ ಕೊಟ್ಟಿದ್ದಾರೆ." ಈ ಕರೆ ರೆಕಾರ್ಡ್ ಆಗುತ್ತಿದೆ ಎಂದು ಮೊದಲೇ ಹೇಳಿದ್ದು ನಿಮ್ಮ ಯಂತ್ರವೇ. ಆ ರೆಕಾರ್ಡಿಂಗ್ ಅಳಿಸಬೇಡಿ. ಮೂರನೇ ಫೋನಿನಲ್ಲಿ ಇನ್ನೊಬ್ಬರು ಅದೇ ಪೀಪಾಯಿ ಬಿಯರ್ ಎಂದರು. ನಾಲ್ಕನೆಯ ಸಲ ಹೋಲ್ಡ್‌ನಲ್ಲಿ ಹಾಕಿ ಇಟ್ಟೇಬಿಟ್ಟರು.

ಖಾಲಿಯಾಗಿದ್ದು ನಿಜ ಅಂತಲೇ ಇಟ್ಟುಕೊಳ್ಳೋಣ. 120 ಜನ, ಎರಡೆರಡು ಗ್ಲಾಸ್, 150 ಎಂಎಲ್. ಎಲ್ಲರೂ ಕುಡಿದರೂ 36 ಲೀಟರ್ ಆಯಿತು. ಪೀಪಾಯಿ 225 ಲೀಟರಿನದು. ಮರ ಕುಡಿದದ್ದು, ಆವಿಯಾದದ್ದು, ಹಣ್ಣು ಮತ್ತು ತಳದ ಗಷ್ಟು ಎಲ್ಲ ಕಳೆಯಿರಿ. ಉಳಿದದ್ದು ಎಲ್ಲಿ ಹೋಯಿತು? ಟಿಕೆಟ್ ಕೊಂಡವರು ಬರುವ ಮೊದಲೇ ಯಾರಿಗೆ ಹಂಚಿದಿರಿ? ಇಷ್ಟೇ ಇದೆ ಎಂದು ಹೇಳಿ ಮುಂಗಡ ಹಣ ತೆಗೆದುಕೊಂಡ ಮೇಲೆ ಇದಕ್ಕೆ ಲೆಕ್ಕ ಕೊಡಬೇಕಾದವರು ನೀವೇ.

ಇದರಲ್ಲಿ ನನಗೆ ಹೆಚ್ಚು ಸಂಕಟ ಆಗುವುದು ಆ ಬ್ರೂವರ್ ಹುಡುಗನ ವಿಷಯಕ್ಕೆ. ಅವನು ಮಾಡಿದ್ದು ಒಳ್ಳೆಯ ಕೆಲಸ. ಒಂದೂವರೆ ವರ್ಷ ಕಾದಿದ್ದಾನೆ. ನಮ್ಮ ಕಾಡಿನ ಹಣ್ಣಿಗೆ ಅಂಥ ಮರ್ಯಾದೆ ಕೊಟ್ಟವರನ್ನು ನಾನು ಬೇರೆಲ್ಲೂ ನೋಡಿಲ್ಲ. ಅವನ ಬಿಯರಿನ ಹೆಸರು ಹೇಳಿ ನೀವು ಬಣ್ಣದ ನೀರು ಮಾರಿದಿರಿ.

ನನಗೆ ಬೇಕಾಗಿರುವುದು ಇಷ್ಟು. ಟಿಕೆಟ್‌ನ 5,400 ಮತ್ತು ಸರ್ವಿಸ್ ಚಾರ್ಜ್‌ನ 215 ಸೇರಿ 5,615 ರೂಪಾಯಿ ಹದಿನೈದು ದಿನದೊಳಗೆ ನನ್ನ ಖಾತೆಗೆ ಬರಬೇಕು. ಆವತ್ತು ಏಳು ಗಂಟೆಯ ನಂತರ ಬಂದ ಎಲ್ಲರಿಗೂ ನಿಜ ಹೇಳಿ ಹಣ ವಾಪಸ್ ಕೊಡಬೇಕು. ಭಾವನಿಗೆ ಕನ್ನಡದಲ್ಲಿ ಒಂದು ಕ್ಷಮಾಪಣೆ ಪತ್ರ ಬರೆಯಬೇಕು, ನನ್ನ ಹೆಸರಿಗಲ್ಲ, ಅವರ ಹೆಸರಿಗೆ. ಕೂಪನ್ ನಿಮ್ಮಲ್ಲೇ ಇರಲಿ.

ಇದು ಆಗದಿದ್ದರೆ ಹದಿನಾರನೇ ದಿನ ಬೆಳಿಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇನೆ. ಅದರ ಹಿಂದೆಯೇ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ, ಇಲ್ಲದ ಗುಣ ಇದೆ ಎಂದು ಮಾರುವುದಕ್ಕೆ ಏನಿದೆ ಎಂದು ನಿಮ್ಮ ವಕೀಲರನ್ನು ಕೇಳಿ. ಐದು ಲಕ್ಷದೊಳಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ನಾನೇ ವಾದ ಮಾಡಬಹುದು, ಎರಡು ವರ್ಷದ ಸಮಯವೂ ಇದೆ. ಆಹಾರ ಸುರಕ್ಷತಾ ಅಧಿಕಾರಿಗೂ ಬರೆಯುತ್ತೇನೆ. ನಿಮ್ಮಲ್ಲಿ ಈಗಲೂ ಅದೇ ಹೆಸರಿನಲ್ಲಿ ಅದೇ ಕೆಂಪು ಬಿಯರ್ ನಲ್ಲಿಯಿಂದ ಬರುತ್ತಿದೆ ಎಂದು ನನ್ನ ಸ್ನೇಹಿತ ಮೊನ್ನೆ ಫೋಟೋ ಕಳಿಸಿದ್ದಾನೆ. ಅದರಲ್ಲಿರುವ ಬಣ್ಣ ಯಾವುದು ಎಂದು ಲ್ಯಾಬ್‌ನವರೇ ಹೇಳಲಿ. ಜಾಹೀರಾತು, ಟಿಕೆಟ್, ಬಿಲ್, ಗ್ಲಾಸಿನ ಫೋಟೋ ಎಲ್ಲ ನನ್ನ ಹತ್ತಿರ ಇವೆ. ಆಯೋಗಕ್ಕೆ ಭಾವನನ್ನೂ ಕರೆದುಕೊಂಡು ಬರುತ್ತೇನೆ, ಅದೇ ಪಂಚೆಯಲ್ಲಿ.

ಇನ್ನೊಂದು ಮಾತು. ಆ ಮುರುಗಲು ಸಿಪ್ಪೆಯ ಗಂಟನ್ನು ಹುಡುಕಿಸಿ, ಯಾರಿಗೆ ತಂದಿದ್ದೋ ಆ ಹುಡುಗನ ಕೈಗೆ ಮುಟ್ಟಿಸಿ. ಅದು ಮುಟ್ಟಿತು ಎಂದು ಅವನ ಬಾಯಿಂದ ಕೇಳುವ ತನಕ, ನೀವು ಹಣ ವಾಪಸ್ ಕೊಟ್ಟರೂ ನಾನು ಈ ದೂರು ಬಿಡುವುದಿಲ್ಲ.

ಇತಿ,
ನಿಮ್ಮ ಮೂರು ವರ್ಷದ ಗಿರಾಕಿ