ಕಾಫಿ ಮನೆಗೆ ಒಂದು ಚೀಲ ಟೀ

ಎಮ್ಡೆನ್, ಜರ್ಮನಿ
ಮೇ ತಿಂಗಳು

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿಗೆ,

ನಾನು ಇಲ್ಲಿ ಕ್ಷೇಮ. ಚಳಿ ಇಳಿದಿದೆ. ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ನನ್ನ ಜೊತೆ ಕೆಲಸ ಮಾಡುವ ಹಾಸನದ ಹುಡುಗಿ ಮುಂದಿನ ವಾರ ಊರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಒಂದು ಚೀಲ ಕಳಿಸುತ್ತಿದ್ದೇನೆ. ಸ್ವಲ್ಪ ಚಾಕಲೇಟ್ ಇದೆ, ಮಿಕ್ಕಿದ್ದೆಲ್ಲ ಟೀ. ಅಪ್ಪ, ನಗಬೇಡಿ. ಮೂಡಿಗೆರೆಯ ಕಾಫಿ ತೋಟದವರಿಗೆ ಟೀ ಕಳಿಸೋದಾ ಅಂತ ನೀವು ಕೇಳುತ್ತೀರಿ ಅಂತ ಗೊತ್ತು. ಅದಕ್ಕೇ ಈ ಕಾಗದ ಉದ್ದ ಆಗುತ್ತಿದೆ.

ನಮ್ಮನೆಯಲ್ಲಿ ಟೀ ಮಾಡುತ್ತಿದ್ದದ್ದು ಯಾವಾಗ ಹೇಳಿ? ಯಾರಿಗಾದರೂ ನೆಗಡಿ ಆದಾಗ, ಇಲ್ಲ ಕಾಫಿ ಕುಡಿಯದ ನೆಂಟರು ಬಂದಾಗ. ಅಂಗಡಿಯ ಪುಡಿ, ಹಾಲು, ಸಕ್ಕರೆ, ಜಜ್ಜಿದ ಶುಂಠಿ, ಆಮೇಲೆ ಚೆನ್ನಾಗಿ ಕುದಿಸೋದು. ಚೆನ್ನಾಗಿಯೇ ಇರುತ್ತಿತ್ತು, ಇಲ್ಲ ಅನ್ನಲ್ಲ. ಆದರೆ ಆ ಪುಡಿ ಸಿಟಿಸಿ. ಹಲ್ಲಿರುವ ರೋಲರ್‌ಗಳ ಮಧ್ಯೆ ಎಲೆಯನ್ನು ಜಜ್ಜಿ, ಹರಿದು, ಸುರುಟಿಸಿ ಸಣ್ಣ ಕಾಳು ಮಾಡುತ್ತಾರೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಪದ್ಧತಿ ಅದು. ಬಣ್ಣ, ಖಡಕ್ ಎಲ್ಲ ಬೇಗ ಬಿಡುತ್ತದೆ, ಎಷ್ಟು ಹಾಲು ಹಾಕಿದರೂ ತಡೆಯುತ್ತದೆ. ಘಮ ಮಾತ್ರ ಕಡಿಮೆ. ಅದೊಂದನ್ನೇ ಕುಡಿದು ನಾವು ಟೀ ಇಷ್ಟೇ ಅಂದುಕೊಂಡಿದ್ದೆವು.

ಜರ್ಮನಿಯವರು ಕಾಫಿ ಜನ ಅಂತ ನೀವು ಹೇಳುತ್ತಿದ್ದದ್ದು ಸರಿ. ಆದರೆ ನಾನಿರುವ ಈ ಮೂಲೆ ಬೇರೆ. ಓಸ್ಟ್‌ಫ್ರೀಸ್‌ಲ್ಯಾಂಡ್ ಅಂತಾರೆ. ಇಲ್ಲಿ ಒಬ್ಬೊಬ್ಬರು ವರ್ಷಕ್ಕೆ ಸುಮಾರು 300 ಲೀಟರ್ ಟೀ ಕುಡಿಯುತ್ತಾರೆ. 18ನೇ ಶತಮಾನದಲ್ಲಿ ಪ್ರಷ್ಯಾದ ರಾಜ ಎರಡನೇ ಫ್ರೆಡರಿಕ್ ಇವರಿಗೆ ಟೀ ಬಿಡಿಸೋಕೆ ನೋಡಿ ಸೋತನಂತೆ. ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ನೋಡಿದರೆ ಅವನು ಯಾಕೆ ಸೋತ ಅಂತ ಅರ್ಥವಾಗುತ್ತದೆ. ಮಧ್ಯಾಹ್ನ ಮೂರಾಯಿತು ಅಂದರೆ ಯಾರೇ ಬಂದರೂ ಮೊದಲು ಟೀ, ಆಮೇಲೆ ಮಾತು.

ಅವರು ಮಾಡುವ ಕ್ರಮ ಹೇಳುತ್ತೇನೆ. ಅಜ್ಜಿಗೆ ಓದಿ ಹೇಳಿ, ಅವಳಿಗೆ ಇಷ್ಟ ಆಗುತ್ತದೆ. ಕಾಗದದಷ್ಟು ತೆಳು ಪಿಂಗಾಣಿ ಕಪ್ಪಿಗೆ ಮೊದಲು ದೊಡ್ಡದೊಂದು ಕಲ್ಲುಸಕ್ಕರೆ ತುಂಡು ಹಾಕುತ್ತಾರೆ. ಅದರ ಮೇಲೆ ಬಿಸಿ ಟೀ ಹೊಯ್ದರೆ ಕಲ್ಲುಸಕ್ಕರೆ ಚಿಟಿಚಿಟಿ ಅಂತ ಬಿರುಕು ಬಿಡುತ್ತದೆ. ಆ ಸದ್ದು ಕೇಳಲೇಬೇಕು, ಇಲ್ಲದಿದ್ದರೆ ಟೀ ಸಾಕಷ್ಟು ಬಿಸಿ ಇಲ್ಲ ಅಂತ ಅರ್ಥ. ಆಮೇಲೆ ಪುಟ್ಟ ಸೌಟಿನಲ್ಲಿ ಕೆನೆ ತೆಗೆದುಕೊಂಡು ಕಪ್ಪಿನ ಅಂಚಿನಿಂದ ಮೆಲ್ಲಗೆ ಬಿಡುತ್ತಾರೆ. ಅದು ತಳಕ್ಕೆ ಮುಳುಗಿ, ಮೋಡದ ಹಾಗೆ ಮೇಲೇಳುತ್ತದೆ. ಗಡಿಯಾರದ ಮುಳ್ಳಿಗೆ ಎದುರಾಗಿ ಬಿಡಬೇಕಂತೆ, ಆಗ ಹೊತ್ತು ನಿಲ್ಲುತ್ತದಂತೆ. ಕಲಕುವ ಹಾಗಿಲ್ಲ. ಮೊದಲ ಗುಟುಕಿಗೆ ಕೆನೆ, ನಡುವೆ ಟೀ ಒಗರು, ಕೊನೆಗೆ ಸಿಹಿ. ಮೂರು ಕಪ್ಪು ಕುಡಿಯುವ ತನಕ ಬಿಡಲ್ಲ. ಸಾಕು ಅಂದರೆ ಯಾರೂ ಕೇಳಲ್ಲ, ಚಮಚವನ್ನು ಖಾಲಿ ಕಪ್ಪಿನೊಳಗೆ ಇಡಬೇಕು. ಹೋಳಿಗೆ ಬಡಿಸುವಾಗ ಅಜ್ಜಿಯನ್ನು ತಡೆಯೋಕೂ ಇಂಥದೊಂದು ಇದ್ದಿದ್ದರೆ ಅಂತ ಅನ್ನಿಸಿತು.

ತಮಾಷೆ ಏನು ಗೊತ್ತಾ? ಆ ಟೀ ಬಹುಪಾಲು ನಮ್ಮ ಅಸ್ಸಾಮಿಂದೇ. ಕಪ್ಪು ಬಣ್ಣದ ಡಬ್ಬಿಯಲ್ಲಿ ಇರೋದು ಅದೇ. ಅಮ್ಮ, ಇದಕ್ಕೆ ನೀರು ಚೆನ್ನಾಗಿ ಕುದಿಯಬೇಕು, ಆದರೆ ಟೀ ಸೊಪ್ಪನ್ನು ಒಲೆ ಮೇಲೆ ಕುದಿಸಬೇಡ. ಕುದಿಯುವ ನೀರನ್ನು ಸೊಪ್ಪಿನ ಮೇಲೆ ಹೊಯ್ದು ಮುಚ್ಚಿಡು, ನಾಲ್ಕು ನಿಮಿಷ. ನಮ್ಮಲ್ಲಿ ಇನ್ನೂ ಅರ್ಧ ನಿಮಿಷ ಜಾಸ್ತಿ ಬಿಡು. ಎಮ್ಡೆನ್ ಸಮುದ್ರದ ಮಟ್ಟದಲ್ಲಿದೆ, ಇಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ 97 ಡಿಗ್ರಿಯ ಹತ್ತಿರಕ್ಕೇ ಕುದಿ ಬಂದುಬಿಡುತ್ತದೆ.

ನೀರಿನ ವಿಷಯದಲ್ಲಿ ನಿಮ್ಮ ಅದೃಷ್ಟ ದೊಡ್ಡದು. ನಾನು ಮೊದಲು ಬರ್ಲಿನ್‌ನಲ್ಲಿ ಇದ್ದಾಗ ಅಲ್ಲಿನ ಗಡಸು ನೀರಿಗೆ ಟೀ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತಿತ್ತು, ರುಚಿಯೂ ಮಂಕು. ನಮ್ಮ ಬಾವಿ ನೀರಲ್ಲಿ ಬೇಳೆ ಎಷ್ಟು ಬೇಗ ಬೇಯುತ್ತದೆ ಅಲ್ವಾ? ಅಷ್ಟು ಮೆದು ನೀರು ಇದ್ದರೆ ಟೀಗೆ ಬೇರೇನೂ ಬೇಡ.

ಅಪ್ಪ, ಈಗ ನಿಮ್ಮ ಪಾಳಿ. ಬಿಳಿ, ಹಸಿರು, ಊಲಾಂಗ್, ಕಪ್ಪು, ಎಲ್ಲ ಟೀಯೂ ಒಂದೇ ಗಿಡದ ಎಲೆ. ಕೊಯ್ದ ಮೇಲೆ ಏನು ಮಾಡುತ್ತಾರೆ ಅನ್ನೋದರ ಮೇಲೆ ಹೆಸರು. ಒಂದೇ ಕಾಫಿ ಗಿಡದ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ ಒಣಗಿಸಿದರೆ ಪಾರ್ಚ್‌ಮೆಂಟ್, ಹಾಗೇ ಕಣದಲ್ಲಿ ಒಣಗಿಸಿದರೆ ಚೆರ್ರಿ, ಹಾಗೆ. ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಅರ್ಧಕ್ಕೆ ತಡೆದರೆ ಊಲಾಂಗ್. ಕೊಯ್ದ ಕೂಡಲೇ ಬಿಸಿ ತಾಗಿಸಿದರೆ ಹಸಿರಾಗೇ ಉಳಿಯುತ್ತದೆ. ಚೀನಾದವರು ಸಾಮಾನ್ಯವಾಗಿ ಬಾಣಲೆಯಲ್ಲಿ ಹುರಿಯುತ್ತಾರೆ, ಜಪಾನಿನವರು ಹಬೆಯಲ್ಲಿ ಬೇಯಿಸುತ್ತಾರೆ. ಕಾಫಿ ಬೀಜ ಕೈಯಲ್ಲಿ ಹಿಡಿದು ಮೂಸಿ, ಸರಿಯಾಗಿ ಒಣಗಿದೆಯೋ ಇಲ್ಲವೋ ಹೇಳುವವರು ನೀವು. ಟೀ ರುಚಿ ನೋಡೋಕೆ ಅದೇ ಮೂಗು, ಅದೇ ನಾಲಿಗೆ ಸಾಕು.

ಬೆಳ್ಳಿ ಬಣ್ಣದ ಪೊಟ್ಟಣ ಡಾರ್ಜಿಲಿಂಗ್, ಈ ವರ್ಷದ ಮೊದಲ ಕೊಯ್ಲು. ನಮ್ಮ ಕಡೆ ಕಾಫಿ ಹೂ ಅರಳಿಸುವ ಮಳೆಗೆ ಕಾಯುವ ಮಾರ್ಚ್, ಏಪ್ರಿಲ್‌ನಲ್ಲೇ ಅಲ್ಲಿ ಈ ಚಿಗುರು ಕೊಯ್ಯುತ್ತಾರೆ. ದುಬಾರಿ, ಅದಕ್ಕೆ ಸ್ವಲ್ಪವೇ ಇದೆ. ಕುದಿ ನಿಂತ ನೀರು ಹಾಕಿ, ಮೂರು ನಿಮಿಷ ಸಾಕು. ಬಣ್ಣ ತಿಳಿ ಹಳದಿ ಬರುತ್ತದೆ, ನೀರು ಜಾಸ್ತಿಯಾಯಿತು ಅಂತ ಅಮ್ಮನಿಗೆ ಬೈಯಬೇಡಿ. ಇದಕ್ಕೆ ಹಾಲು ಹಾಕಿದರೆ ನನ್ನಾಣೆ! ಎರಡನೇ ಕೊಯ್ಲಿನ ಕಥೆ ಇನ್ನೂ ಮಜ. ಎಲೆಯ ರಸ ಹೀರುವ ಸಣ್ಣ ಜಿಗಿಹುಳು ಕಚ್ಚಿದರೆ ಗಿಡ ಅದಕ್ಕೆ ಎದುರಾಗಿ ಒಂದಷ್ಟು ಪರಿಮಳದ ವಸ್ತು ತಯಾರಿಸಿಕೊಳ್ಳುತ್ತದೆ. ಡಾರ್ಜಿಲಿಂಗಿನ ಹೆಸರಾಂತ ದ್ರಾಕ್ಷಿ ಘಮಕ್ಕೆ ಅದೂ ಒಂದು ಕಾರಣ. ನಾವು ಹುಳಕ್ಕೆ ಔಷಧಿ ಹೊಡೆದು ಸಾಯುತ್ತೇವೆ, ಅವರು ಹುಳ ಕಚ್ಚಿದ್ದಕ್ಕೆ ದುಡ್ಡು ಜಾಸ್ತಿ ತಗೊಳ್ಳುತ್ತಾರೆ.

ಶ್ರೀಲಂಕಾದ ಟೀಯನ್ನು ಬೇಕು ಅಂತಲೇ ಇಟ್ಟಿದ್ದೇನೆ. 1860ರ ದಶಕದಲ್ಲಿ ಅದು ಕಾಫಿ ದೇಶ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ಮುಂದಿನ ಇಪ್ಪತ್ತು ವರ್ಷದಲ್ಲಿ ಅಲ್ಲಿನ ಕಾಫಿ ಹೆಚ್ಚುಕಮ್ಮಿ ಮುಗಿದೇಹೋಯಿತು. ಜೇಮ್ಸ್ ಟೇಲರ್ ಅನ್ನೋ ಸ್ಕಾಟ್ಲೆಂಡಿನವನು 1867ರಲ್ಲೇ 19 ಎಕರೆಯಲ್ಲಿ ಟೀ ಹಾಕಿದ್ದ. ಉಳಿದ ತೋಟದವರು ಕಾಫಿ ಕಿತ್ತು ಅದೇ ದಾರಿ ಹಿಡಿದರು. ನಮ್ಮಲ್ಲಿಗೂ ಅದೇ ತುಕ್ಕು ಬಂತು, ಆದರೂ ಕಾಫಿ ಉಳಿಯಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರು ಕೊಟ್ಟ ಎಸ್ 795, ತುಕ್ಕನ್ನು ತಕ್ಕಮಟ್ಟಿಗೆ ತಡೆಯುವ ಕಾಫಿ ತಳಿ, ನಮ್ಮ ಮೇಲಿನ ತೋಟದಲ್ಲಿ ಇನ್ನೂ ಇದೆಯಲ್ಲ. ಅದನ್ನು ಕಿತ್ತು ಬೇರೆ ಹಾಕೋಣ ಅಂತ ತಮ್ಮ ಹೇಳಿದಾಗ ನೀವು ಯಾಕೆ ಅಷ್ಟು ಸಿಟ್ಟಾದಿರಿ ಅಂತ ಈ ಕಥೆ ಓದಿದ ಮೇಲೆ ನನಗೆ ಗೊತ್ತಾಯಿತು.

ಟೀ ಪರೀಕ್ಷೆ ಮಾಡೋಕೂ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್ಒ 3103 ಅಂತ, ಮೊದಲು 1980ರಲ್ಲಿ ಬಂದದ್ದು. 100 ಮಿಲಿ ಕುದಿ ನೀರಿಗೆ 2 ಗ್ರಾಂ ಸೊಪ್ಪು, 6 ನಿಮಿಷ. ಕುಡಿಯೋಕೆ ಅದು ಸಿಕ್ಕಾಪಟ್ಟೆ ಖಡಕ್, ತಪ್ಪು ಹುಡುಕೋಕೆ ಮಾತ್ರ. ಸೊರ್ ಅಂತ ಸದ್ದು ಮಾಡಿ ಎಳೆದುಕೊಂಡರೆ ಘಮ ಮೂಗಿಗೆ ಹತ್ತುತ್ತದೆ. ಅಮ್ಮ, ಆ ಒಂದು ದಿನ ಅಪ್ಪನಿಗೆ ಸದ್ದು ಮಾಡಬೇಡಿ ಅನ್ನಬೇಡ.

ಹಸಿರು ಪೊಟ್ಟಣ ಸೆಂಚಾ ಅನ್ನೋ ಜಪಾನಿನ ಹಸಿರು ಟೀ. ಇದಕ್ಕೆ ಕುದಿ ನೀರು ಹಾಕಿದರೆ ಕಹಿ. ಕುದಿದ ನೀರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎರಡು ಸಲ ಬಗ್ಗಿಸು, ಒಂದೊಂದು ಸಲಕ್ಕೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಆಮೇಲೆ ಹಾಕಿ ಒಂದು ನಿಮಿಷ. ಇದನ್ನು ಕುಡಿದರೆ ಹೊಟ್ಟೆ ಕರಗುತ್ತದೆ ಅಂತ ತಮ್ಮ ಅಂದರೆ ನಂಬಬೇಡ. ಅವನು ರಾತ್ರಿ ಎರಡನೇ ಸಲ ಅನ್ನ ಬಡಿಸಿಕೊಳ್ಳೋದು ಬಿಡಲಿ ಮೊದಲು.

ಚೀನಾದ ಲ್ಯಾಪ್‌ಸಾಂಗ್ ಸೂಚಾಂಗ್ ಅಂತ ಒಂದಿದೆ, ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ್ದು. ಡಬ್ಬಿ ತೆಗೆದ ಕೂಡಲೇ ಒಲೆ ಮೇಲೆ ಏನು ಸೀದುಹೋಯಿತು ಅಂತ ಅಜ್ಜಿ ಕೇಳೋದು ಖಂಡಿತ. ನನಗೆ ಅಷ್ಟೇನೂ ಹಿಡಿಸಲಿಲ್ಲ. ಅಜ್ಜಿಗೆ ಅಂತ ಇಟ್ಟಿರೋದು ಕೆಂಪು ಬಣ್ಣದ ರೂಯಿಬೋಸ್. ಅದು ಟೀ ಗಿಡವೇ ಅಲ್ಲ, ದಕ್ಷಿಣ ಆಫ್ರಿಕಾದ ಒಂದು ಪೊದೆ. ಕೆಫೀನ್ ಇಲ್ಲ, ರಾತ್ರಿ ಕುಡಿದರೂ ನಿದ್ದೆ ಕೆಡಲ್ಲ. ಎಷ್ಟು ಹೊತ್ತು ಬಿಟ್ಟರೂ ಕಹಿ ಬರಲ್ಲ. ಬೆಲ್ಲ ಹಾಕಿಕೊಡು.

ಅಮ್ಮ, ಮಳೆಗಾಲ ಹತ್ತಿರ ಬಂತು. ಪೊಟ್ಟಣ ಒಡೆದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕು. ಏಲಕ್ಕಿ, ಕಾಫಿ ಪುಡಿ, ಕಾಳುಮೆಣಸು ಯಾವುದರ ಪಕ್ಕದಲ್ಲೂ ಬೇಡ, ಟೀ ಎಲ್ಲ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಇನ್ನೊಂದು ಮಾತು, ನೀನು ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದೀಯಲ್ಲ, ಅದರ ಜೊತೆ ಅಥವಾ ಊಟ ಆದ ಕೂಡಲೇ ಟೀ ಕುಡಿಯಬೇಡ. ಕಬ್ಬಿಣ ಮೈಗೆ ಹತ್ತಲ್ಲ. ಒಂದು ಗಂಟೆ ಬಿಟ್ಟು ಕುಡಿ.

ಹಾಸನದ ಹುಡುಗಿ ಜೂನ್ ಕೊನೆಗೆ ವಾಪಸ್ ಬರುತ್ತಾಳೆ. ಅಪ್ಪ, ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ, ಸಂಸೆ ಹತ್ತಿರ ಟೀ ತೋಟ ಇದೆಯಲ್ಲ? ಹೊರನಾಡಿಗೆ ಹೋದಾಗಲೆಲ್ಲ ಆ ಕಡೆ ಸುತ್ತಿ ಬರುತ್ತಿದ್ದೆವು. ಫೋಟೋ ತೆಗೆದಿದ್ದು ಬಿಟ್ಟರೆ ಒಂದು ದಿನವೂ ಅಲ್ಲಿನ ಸೊಪ್ಪು ಕೊಂಡವರಲ್ಲ. ಈ ಸಲ ಆ ಕಡೆ ಹೋದರೆ ಕಾಲು ಕಿಲೋ ತಗೊಳ್ಳಿ. ಪುಡಿ ಬೇಡ, ಎಲೆ ಟೀ ಸಿಕ್ಕರೆ ನೋಡಿ. ಸಕಲೇಶಪುರದ ಕಡಮನೆ ಟೀ ಸಿಕ್ಕರೂ ಆದೀತು. ಪಕ್ಕದ ಮನೆ ಅಜ್ಜಿಗೆ ಕುಡಿಸಿ, ಏನಂದರು ಅಂತ ಬರೆಯುತ್ತೇನೆ.

ಜೊತೆಗೆ ನಮ್ಮ ಕಾಫಿ ಪುಡಿ ಒಂದು ಕಿಲೋ. ಬೆಳಗ್ಗೆ ಎದ್ದ ಕೂಡಲೇ ನನಗೆ ಈಗಲೂ ಅದೇ ಬೇಕು.

ಇಂತಿ,
ನಿಮ್ಮ ಪ್ರೀತಿಯ ಮಗಳು