ಗರಿಯ ನುಸಿ ಓದಲು ಹೊರಟ ಮಗಳಿಗೆ

ಮಂಡ್ಯ

ಚಿ. ರಮ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಜೆಕ್ಟಿಗೆ ಹಕ್ಕಿ ಗರಿಯ ನುಸಿಗಳನ್ನು ತಗೊಂಡಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ನಮ್ಮ ಕಡೆ ನುಸಿ ಅಂದರೆ ತೆಂಗಿಗೆ ಬೀಳುವ ನುಸಿರೋಗ, ಇಲ್ಲವೇ ಕೋಳಿಗೂಡಿನ ಕೆಂಪು ನುಸಿ. ರಕ್ತ ಹೀರುವ ಆ ಕೆಂಪು ನುಸಿಯ ಗುಂಪೇ ಬೇರೆ. ನಿನ್ನವು ಅಸ್ಟಿಗ್ಮಾಟಾ ಗುಂಪಿನವು. ಹೆಚ್ಚಿನವು ಗರಿಗೆ ಹತ್ತಿದ ಎಣ್ಣೆ, ಬೂಷ್ಟು, ಬ್ಯಾಕ್ಟೀರಿಯಾ ತಿಂದು ಬದುಕುತ್ತವೆ. ಎಲ್ಲಕ್ಕೂ ಪರೋಪಜೀವಿ ಅಂತ ಬರೆದುಬಿಡಬೇಡ.

ಹಕ್ಕಿಯ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದರೆ ಗರಿಯ ಎಳೆಗಳ ಸಂದಿಯಲ್ಲಿ ಸಾಲುಗಟ್ಟಿ ಕೂತ ಚುಕ್ಕೆಗಳು ಕಾಣುತ್ತವೆ. ಒಂದೊಂದೂ ಸುಮಾರು ಅರ್ಧ ಮಿಲಿಮೀಟರು. ಎಲ್ಲಿ ಕೂತಿತ್ತು ಅನ್ನುವುದನ್ನು ಅಲ್ಲೇ ಬರೆದುಕೋ, ಗುರುತಿಗೆ ಅದು ಬೇಕೇ ಬೇಕು. ಟ್ರೂಸಾರ್ಟಿಯಾ ಕುಲದ ನುಸಿಗಳು ರೆಕ್ಕೆಗರಿಯ ಮೇಲ್ಮೈಯಲ್ಲಿ, ಪ್ರಾಕ್ಟೊಫಿಲ್ಲೋಡಿಸ್ ಕೆಳಮೈಯಲ್ಲಿ, ಅನಾಲ್ಜಿಸ್ ಮೆತ್ತನೆ ತುಪ್ಪುಳಲ್ಲಿ. ಅನಾಲ್ಜಿಸ್ ಗಂಡಿಗೆ ಮೂರನೇ ಜೊತೆ ಕಾಲು ದಪ್ಪಗಿರುತ್ತದೆ, ನೋಡಿದರೆ ಮರೆಯುವುದಿಲ್ಲ. ಕೆಲವು ಗರಿದಂಟಿನ ಒಳಗೇ ಸೇರಿಕೊಂಡಿರುತ್ತವೆ.

ಹೆಸರಿಟ್ಟ ಪ್ರಭೇದಗಳೇ ಸುಮಾರು 2,500. ಬಹಳಷ್ಟು ಒಂದೇ ಹಕ್ಕಿಗೋ ಅದರ ಹತ್ತಿರದ ಬಳಗಕ್ಕೋ ಅಂಟಿಕೊಂಡಿವೆ. ಅದಕ್ಕೇ ‘ಇದು ಮೈನಾ, ಆದ್ದರಿಂದ ಇದು ಮೈನಾದ ನುಸಿ’ ಅನ್ನುವ ಆಸೆ ಬರುತ್ತದೆ. ಹಾಗೆ ಮಾಡಬೇಡ ಮಗಳೇ. ಮೊದಲು ನುಸಿಯ ಮೈ ನೋಡು, ಹೆಸರು ಗೊತ್ತುಮಾಡು. ಯಾವ ಹಕ್ಕಿಗೆ ಯಾವ ನುಸಿ ಅನ್ನುವ ಪಟ್ಟಿ ಆಮೇಲೆ ತೆಗೆ.

ಕೋಗಿಲೆ ವಿಷಯ ನನಗೆ ತುಂಬ ಇಷ್ಟ. ಸಾಮಾನ್ಯವಾಗಿ ನುಸಿಗಳು ಗೂಡಿನಲ್ಲಿ ಅಪ್ಪ ಅಮ್ಮನಿಂದ ಮರಿಗೆ ದಾಟುತ್ತವೆ. ಯೂರೋಪಿನ ಕೋಗಿಲೆ ಬಳಗದ ಹಕ್ಕಿಗಳು ಬೇರೆಯವರ ಗೂಡಿನಲ್ಲಿ ಬೆಳೆದರೂ ಅವುಗಳ ಮೈಮೇಲೆ ಸಾಕುತಾಯಿಯ ನುಸಿ ನೆಲೆಸುವುದಿಲ್ಲ. ದೊಡ್ಡವಾದ ಮೇಲೆ ಸ್ವಜಾತಿಯ ಹಕ್ಕಿಯ ಮೈ ತಾಗಿ ತಮ್ಮವೇ ನುಸಿಗಳು ಬರುತ್ತವೆ. ನಮ್ಮ ಕೋಗಿಲೆಯ ಮೈಮೇಲೆ ನಿನಗೆ ಕಾಗೆ ನುಸಿ ಸಿಕ್ಕರೆ, ಹಿಗ್ಗುವ ಮುಂಚೆ ಚೀಲದ ಮೇಲೆ ಅನುಮಾನಪಡು. ಎರಡು ಹಕ್ಕಿಗೆ ಒಂದೇ ಬಟ್ಟೆಚೀಲ ಬಳಸಿದರೆ ನುಸಿಗಳು ಅಲ್ಲಿಂದಿಲ್ಲಿಗೆ ದಾಟುತ್ತವೆ. ಆ ತಪ್ಪು ಪ್ರಬಂಧದಲ್ಲಿ ಅಚ್ಚಾದರೆ ಮುಂದೆ ಓದುವವರೂ ದಾರಿ ತಪ್ಪುತ್ತಾರೆ. ಒಂದು ಹಕ್ಕಿ, ಒಂದು ಚೀಲ, ಒಂದು ಸೀಸೆ.

ರಂಗನತಿಟ್ಟಿಗೋ ಕೊಕ್ಕರೆಬೆಳ್ಳೂರಿಗೋ ಹೋದರೆ ಬಿದ್ದ ಗರಿಯನ್ನೂ ಮುಟ್ಟಬೇಡ. ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿರಲಿ, ಹಕ್ಕಿ ಹಿಡಿಯುವ ಕೆಲಸ ತರಬೇತಿ ಇದ್ದವರದು.

ಸೀಸೆಯೊಳಗಿನ ಚೀಟಿಯಲ್ಲಿ ಹಕ್ಕಿ, ಜಾಗ, ತಾರೀಖು, ಯಾವ ಗರಿ ಅನ್ನುವುದಿರಲಿ. ಪೆನ್ಸಿಲ್ಲಿನಲ್ಲೇ ಬರೆ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಇಂತಿ ನಿನ್ನ
ದೊಡ್ಡಪ್ಪ